ಕಾನೂನು ಒಬ್ಬರಿಗೆ ಗೊತ್ತಿದ್ದರೆ ಸಾಕಾ, ಊರಿಗೇ ಗೊತ್ತಿರಬೇಕಾ?

ಎರೆಮಣ್ಣು (ಗದಗ ಕಡೆ)

ಈ ವಿಷಯ ಇಲ್ಲಿ ಚರ್ಚೆ ಆಗಬೇಕು ಅಂತ ಬರೆಯುತ್ತಿದ್ದೇನೆ. ಹಕ್ಕು ತಿಳಿದುಕೊಳ್ಳಿ, ಕಾನೂನು ತಿಳಿದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬ ತಿಳಿದುಕೊಂಡರೆ ಅವನ ಕೆಲಸ ಮಾತ್ರ ಆಗುತ್ತದೆ. ಕಚೇರಿಯಲ್ಲಿ ಅವನಿಗೆ "ಬಹಳ ಕಾನೂನು ಮಾತಾಡ್ತಾನ" ಅಂತ ಹೆಸರು ಬೀಳುತ್ತದೆ, ಅವನ ಅರ್ಜಿಯನ್ನು ಬೇಗ ವಿಲೇ ಮಾಡಿ ಸಾಗಹಾಕುತ್ತಾರೆ, ಉಳಿದವರ ಅರ್ಜಿ ಇದ್ದಲ್ಲೇ ಇರುತ್ತದೆ. ಅದೇ ನಿಯಮ ಊರಿನ ಮೂವತ್ತು ನಲವತ್ತು ಮಂದಿಗೆ ಗೊತ್ತಿದ್ದರೆ ಆಗ ಕಚೇರಿಯವರ ನಡವಳಿಕೆಯೇ ಬದಲಾಗುತ್ತದೆ. ಇದು ನನ್ನ ನಂಬಿಕೆ.

ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಮ್ಮ ಪಂಚಾಯಿತಿಯಲ್ಲಿ ಕಳೆದ ಗ್ರಾಮಸಭೆ ಮುಗಿಯುವಾಗ ಎಂದಿನಂತೆ ನಡಾವಳಿ ಪುಸ್ತಕ ಸಹಿಗೆ ಬಂತು. ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬರು ಪುಸ್ತಕ ಕೈಗೆ ತಗೊಂಡು, "ಏನ್ ಬರದೀರಿ ಓದ್ರಿ, ಆಮ್ಯಾಗ ಸಹಿ ಮಾಡ್ತೀವಿ" ಅಂದರು. ಪುಟದ ಮೇಲ್ಭಾಗದಲ್ಲಿ ದಿನಾಂಕ, ಸ್ಥಳ, ಅಧ್ಯಕ್ಷರ ಹೆಸರು ಇತ್ತು. ಕೆಳಗೆ ಖಾಲಿ. ಮನೆ ಯಾರಿಗೆ, ಚರಂಡಿ ಎಲ್ಲಿ ಅನ್ನುವ ಠರಾವು ಬರೆಯಬೇಕಾದ ಜಾಗವೇ ಖಾಲಿ. ಸಹಿ ಮಾತ್ರ ಮೊದಲು ಬೇಕಾಗಿತ್ತು. ಅವರ ಹಿಂದೆ ಕೂತಿದ್ದ ಹೆಂಗಸರೂ ಪೆನ್ನು ಕೆಳಗಿಟ್ಟರು. ಕೊನೆಗೆ ಎಲ್ಲ ವಿಷಯವನ್ನೂ ಅಲ್ಲೇ ಬರೆದು, ಓದಿ ಹೇಳಿ, ಆಮೇಲೆ ಸಹಿ ತಗೊಂಡರು. ಮನೆ ಫಲಾನುಭವಿಗಳ ಪಟ್ಟಿಯೂ ಎಲ್ಲರ ಎದುರಿಗೇ ಓದಲ್ಪಟ್ಟಿತು.

ಒಬ್ಬರೇ ಕೇಳಿದ್ದರೆ "ನೀ ಸುಮ್ನ ಕೂಡವ್ವ" ಅಂತಿದ್ದರು. ಎಲ್ಲರೂ ಕೇಳಿದ್ದಕ್ಕೆ ಆಯಿತು. ನಿಮ್ಮ ಕಡೆ ಇಂಥದ್ದು ಏನಾದರೂ ನಡೆದಿದ್ದರೆ ಬರೆಯಿರಿ. ಭಾಷಣ ಬೇಡ, ನಡೆದದ್ದು ಬೇಕು.

ಮಲೆನಾಡ_ಮಳೆ

ಎರೆಮಣ್ಣು ಸರ್, ಒಳ್ಳೆ ವಿಷಯ ಎತ್ತಿದ್ದೀರಿ. ಗ್ರಾಮಸಭೆಗಿಂತ ಮೊದಲು ವಾರ್ಡ್ ಸಭೆ ಅಂತ ಒಂದು ಆಗಬೇಕು, ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರದ್ದು, ಈಗ ಅದರ ಹೆಸರಲ್ಲಿ ಗ್ರಾಮ ಸ್ವರಾಜ್ ಅಂತಲೂ ಸೇರಿದೆ. ಅದರ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ಎರಡೂ ನಡೆಯಬೇಕು. ಫಲಾನುಭವಿಗಳ ಹೆಸರು ವಾರ್ಡ್ ಸಭೆಯಿಂದ ಮೇಲೆ ಬರಬೇಕು. ಮೇಲಿಂದ ಕೆಳಗೆ ಇಳಿಯುವುದಲ್ಲ. ನಮ್ಮಲ್ಲಿ ವಾರ್ಡ್ ಸಭೆ ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಸದಸ್ಯರ ಮನೆ ಜಗಲಿಯಲ್ಲಿ ನಾಲ್ಕು ಜನ ಸೇರಿ ಮುಗಿಸುತ್ತಾರೆ.

ಅಂಗಡಿಬೀದಿ

ನಾನು ಹಳ್ಳಿಯವನಲ್ಲ, ಪೇಟೆಯವನು. ಬೀದಿ ಬದಿ ವ್ಯಾಪಾರಿಗಳ ಸಂಘದಲ್ಲಿ ಓಡಾಡುತ್ತೇನೆ. ನಮ್ಮ ಅನುಭವ ಹೇಳುತ್ತೇನೆ.

ಮೊದಲು ಏನಾಗುತ್ತಿತ್ತು ಅಂದರೆ, ಬೆಳಿಗ್ಗೆ ಲಾರಿ ಬರುತ್ತಿತ್ತು, ತಕ್ಕಡಿ, ಕ್ರೇಟು, ಛತ್ರಿ ಎಲ್ಲ ಎತ್ತಿ ಹಾಕಿಕೊಂಡು ಹೋಗುತ್ತಿದ್ದರು. ಟೊಮೆಟೊ, ಸೊಪ್ಪು ಎಲ್ಲ ಅಲ್ಲೇ ಕೊಳೆಯುತ್ತಿತ್ತು. ನಾವು ಕೈಮುಗಿದುಕೊಂಡು ಹಿಂದೆ ಓಡುತ್ತಿದ್ದೆವು. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಅದರಲ್ಲಿ ಸ್ಪಷ್ಟವಾಗಿ ಇದೆ, ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ದಂಡ ಕಟ್ಟಿ ಕೇಳಿದರೆ ಕೊಳೆಯುವ ಸಾಮಾನನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು.

ನಾವು ಮಾಡಿದ್ದು ಇಷ್ಟೇ. ಆ ಕಲಮುಗಳನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿ, ಪ್ರತಿ ಗಾಡಿಗೆ ಒಂದು ಕೊಟ್ಟೆವು. ಓದಲು ಬರದವರಿಗೆ ಪಕ್ಕದ ಗಾಡಿಯವರು ಓದಿ ಹೇಳಿದರು. ಮುಂದಿನ ಸಲ ಲಾರಿ ಬಂದಾಗ ಸೊಪ್ಪಿನ ಅಜ್ಜಿ ಗಾಡಿ ಹಿಡಿದುಕೊಂಡು, "ಪಟ್ಟಿ ಬರೀರಿ, ನಾಲ್ಕು ಕಟ್ಟು ಮೆಂತ್ಯ, ಆರು ಕಟ್ಟು ದಂಟು, ಒಂದು ತಕ್ಕಡಿ" ಅಂತ ಹೇಳಲು ಶುರು ಮಾಡಿದರು. ಪಕ್ಕದವರೂ ಹಾಗೇ. ಬಂದವರ ಹತ್ತಿರ ಪಟ್ಟಿ ಬರೆಯುವ ಪುಸ್ತಕವೇ ಇರಲಿಲ್ಲ. ಆ ದಿನ ಏನೂ ಎತ್ತದೆ ಹೋದರು. ತೊಂದರೆ ಪೂರ್ತಿ ನಿಂತಿದೆ ಅಂತ ಹೇಳುವುದಿಲ್ಲ, ಆದರೆ ಕೇಳದೆ ಎತ್ತುವುದು ನಿಂತಿದೆ.

ಎರೆಮಣ್ಣು

@ಅಂಗಡಿಬೀದಿ ಅಣ್ಣ, ಇದೇ ಬೇಕಾಗಿತ್ತು ನನಗೆ. ಆ ಒಂದು ಹಾಳೆ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ಪಟ್ಟಣ ಮಾರಾಟ ಸಮಿತಿ ಅಂತ ಒಂದು ಇರಬೇಕಲ್ವಾ, ಅದರ ಬಗ್ಗೆಯೂ ಹೇಳಿ.

ಅಂಗಡಿಬೀದಿ

ಹೌದು, ಇರಬೇಕು. ಅದರ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ಜನ ವ್ಯಾಪಾರಿಗಳೇ ಆಗಿರಬೇಕು, ಅದೂ ಚುನಾವಣೆಯಿಂದ ಬಂದವರು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಯಾವ ಬೀದಿ ಮಾರಾಟದ ಜಾಗ, ಯಾವುದು ಅಲ್ಲ ಅನ್ನುವುದರಲ್ಲಿ ಆ ಸಮಿತಿಯ ಮಾತು ನಡೆಯಬೇಕು. ಎಷ್ಟೋ ಊರುಗಳಲ್ಲಿ ಸಮಿತಿ ಹೆಸರಿಗೆ ಮಾತ್ರ ಇದೆ. ಹಾಳೆ ಸಂಜೆ ಹಾಕುತ್ತೇನೆ.

ಹುಣಸೆಮರ

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ, ಆದರೆ ನಾನು ಬೇರೆ ಮಾತು ಹೇಳಬೇಕು. ಕಾನೂನು ಗೊತ್ತಿದ್ದು ಕೇಳಿದವನ ಗತಿ ಏನಾಗುತ್ತದೆ ಅನ್ನುವುದನ್ನೂ ನೋಡಿ. ನಮ್ಮೂರಲ್ಲಿ ಒಬ್ಬರು ರಸ್ತೆ ಕಾಮಗಾರಿ ಬಿಲ್ಲು ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಒಂದು ವಾರದೊಳಗೆ ಅರ್ಜಿಯ ವಿಷಯ ಗುತ್ತಿಗೆದಾರನಿಗೆ ಹೋಗಿತ್ತು. ರಾತ್ರಿ ಮನೆ ಹತ್ತಿರ ಬಂದು ಬೈದು ಹೋದರು. ಅವರ ಹೊಲಕ್ಕೆ ಹೋಗುವ ಕಾಲುದಾರಿಗೆ ಮುಳ್ಳು ಹಾಕಿದರು. ಹೆಂಡತಿ ಅತ್ತು ಕರೆದು ಅರ್ಜಿ ವಾಪಸ್ ತೆಗೆಸಿದರು. ಇದು ನಮ್ಮೂರ ಕಥೆ ಮಾತ್ರ ಅಲ್ಲ. 2012ರಲ್ಲಿ ಬೆಂಗಳೂರಿನಲ್ಲೇ ಮಾಹಿತಿ ಹಕ್ಕು ಕಾರ್ಯಕರ್ತರೊಬ್ಬರ ಕೊಲೆ ಆಗಿದೆ. ಹಕ್ಕು ಕೇಳಿ ಅಂತ ಹೇಳುವುದು ಸುಲಭ. ಕೇಳಿದ ಮೇಲೆ ಆ ಊರಲ್ಲೇ ಬದುಕಬೇಕಲ್ಲ?

ತಾಲ್ಲೂಕು_ವಕೀಲೆ

ಹುಣಸೆಮರ ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ, ಇಂಥವರು ನಮ್ಮ ಹತ್ತಿರ ಬರುತ್ತಾರೆ. ಅದಕ್ಕೇ ನಾನು ಒಬ್ಬೊಬ್ಬರೇ ಅರ್ಜಿ ಹಾಕುವುದಕ್ಕಿಂತ ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಿರಿ ಅನ್ನುತ್ತೇನೆ.

ಗ್ರಾಮಸಭೆಯಲ್ಲಿ ಆ ಪ್ರಶ್ನೆ ಎತ್ತಿ ಠರಾವು ಮಾಡಿಸಿ. "ಈ ರಸ್ತೆಯ ಬಿಲ್ಲು, ಅಳತೆ ಪುಸ್ತಕದ ನಕಲು ಮುಂದಿನ ಸಭೆಯಲ್ಲಿ ಇಡಬೇಕು" ಅಂತ. ಆಗ ಕೇಳಿದ್ದು ಸಭೆ, ಯಾವನೋ ಒಬ್ಬ ಅಲ್ಲ. ಎರಡನೆಯದು, ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು. ಎಷ್ಟೋ ಮಾಹಿತಿಯನ್ನು ಯಾರೂ ಕೇಳದೆಯೇ ಕಚೇರಿಯೇ ಪ್ರಕಟಿಸಬೇಕು. ಗೋಡೆ ಮೇಲೆ ಬರೆಯಿಸಿ ಅಂತ ಊರವರೆಲ್ಲ ಸಹಿ ಹಾಕಿ ಒತ್ತಾಯ ಮಾಡಬಹುದು. ಮೂರನೆಯದಾಗಿ, ಅರ್ಜಿಯನ್ನೇ ಹಾಕಬೇಕಾದರೆ ಹತ್ತು ಜನ ಅದೇ ಅರ್ಜಿಯನ್ನು ಬೇರೆ ಬೇರೆ ಹೆಸರಲ್ಲಿ ಹಾಕಿ. ಹತ್ತು ಮನೆ ಮುಂದೆ ಹೋಗಿ ಬೈಯುವುದು ಕಷ್ಟ. ಬೆದರಿಕೆ ಬಂದರೆ ಅದನ್ನು ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಬಾಯಲ್ಲಿ ಹೇಳಿ ಬರಬೇಡಿ.

ಈ ಕಾಯ್ದೆ ಹುಟ್ಟಿದ್ದೂ ಹಾಗೇ, ಒಬ್ಬರಿಂದಲ್ಲ. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿ ಲೆಕ್ಕದ ಹಾಜರಿ ಪಟ್ಟಿಗಳನ್ನು ಜನರ ಎದುರಿಗೆ ಗಟ್ಟಿಯಾಗಿ ಓದಿಸಿದರು. ಮೊದಲ ಜನ ವಿಚಾರಣೆ ನಡೆದದ್ದು 1994ರ ಡಿಸೆಂಬರಿನಲ್ಲಿ. ಕೆಲಸಕ್ಕೇ ಬರದವರ ಹೆಸರು, ಸತ್ತವರ ಹೆಸರು ಪಟ್ಟಿಯಲ್ಲಿ ಕೇಳಿಸಿದಾಗ ಜನ ಎದ್ದು ನಿಂತರು. ನಮ್ಮ ಕರ್ನಾಟಕವೂ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಪೂರ್ತಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ.

ಹುಣಸೆಮರ

ಠರಾವು ಮಾಡಿಸುವ ಯೋಚನೆ ನನಗೆ ಹೊಳೆದಿರಲಿಲ್ಲ ಮೇಡಂ. ಅದನ್ನು ನೋಡಬಹುದು.

ಕಾಡಂಚು (ಚಾಮರಾಜನಗರ)

ನಮ್ಮ ಜಿಲ್ಲೆಯ ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಊರಿಗೇ ಕಾನೂನು ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

1974ರಲ್ಲಿ ಬೆಟ್ಟ ವನ್ಯಧಾಮ ಆಯಿತು. ಕಾಡಿನೊಳಗೆ ಜಾಗ ಬದಲಿಸಿಕೊಂಡು ರಾಗಿ ಬೆಳೆಯುತ್ತಿದ್ದವರನ್ನು ಒಂದೊಂದು ಕಡೆ ಪೋಡು, ಅಂದರೆ ಸೋಲಿಗರ ಹಾಡಿ, ಮಾಡಿ ಕೂರಿಸಿದರು. ಬೇಸಾಯ ಹೋಯಿತು, ಬೇಟೆ ಹೋಯಿತು. ಬೇಸಿಗೆ ಶುರುವಿನಲ್ಲಿ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿಯೂ ನಿಂತಿತು. ಲಾಂಟಾನ ಪೊದೆ ಹಬ್ಬಿದ್ದು ಅದಕ್ಕೇ ಅಂತ ಹಿರಿಯರು ಈಗಲೂ ಹೇಳುತ್ತಾರೆ. ಉಳಿದದ್ದು ಜೇನು, ನೆಲ್ಲಿಕಾಯಿ, ಪಾಚಿ, ಸೀಗೆ, ಅಂಟುವಾಳ. ಅದನ್ನು ಲ್ಯಾಂಪ್ಸ್ ಸೊಸೈಟಿಗೆ, ಅಂದರೆ ಗಿರಿಜನರ ಸಹಕಾರ ಸಂಘಕ್ಕೆ, ಹಾಕಿ ಜೀವನ. 2006ರಲ್ಲಿ ಅದನ್ನು ಮಾರಾಟಕ್ಕೆ ತರುವುದಕ್ಕೂ ತಡೆ ಬಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿ ಅದಕ್ಕೆ ಆಧಾರ. ಆ ವರ್ಷಗಳಲ್ಲಿ ಎಷ್ಟು ಜನ ಕಾಫಿ ತೋಟಕ್ಕೆ, ಕಲ್ಲು ಕ್ವಾರಿಗೆ ಕೂಲಿ ಹುಡುಕಿಕೊಂಡು ಹೋದರು ಅನ್ನುವುದು ಇಲ್ಲಿನವರಿಗೆ ಗೊತ್ತು.

ಅದೇ 2006ರ ಡಿಸೆಂಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆ ಪಾರ್ಲಿಮೆಂಟಿನಲ್ಲಿ ಪಾಸಾಯಿತು. ನಿಯಮ ಬಂದದ್ದು 2008ರ ಜನವರಿ 1ಕ್ಕೆ. ಆ ಕಾಯ್ದೆಯಲ್ಲಿ ಹಕ್ಕು ಯಾರದು ಅಂತ ಮೊದಲು ತೀರ್ಮಾನ ಮಾಡುವುದು ಗ್ರಾಮಸಭೆ. ಅದೂ ದೊಡ್ಡ ಪಂಚಾಯಿತಿಯ ಗ್ರಾಮಸಭೆ ಅಲ್ಲ, ಪೋಡು ಮಟ್ಟದ್ದು. ಸೋಲಿಗರ ಸಂಘದವರು ಇದನ್ನು ಹಿಡಿದುಕೊಂಡರು. ಪೋಡು ಪೋಡಿಗೂ ಹೋಗಿ ಅರಣ್ಯ ಹಕ್ಕು ಸಮಿತಿ ಮಾಡಿದರು. ಕಾಯ್ದೆಯ ಮಾತು ಕಚೇರಿ ಕನ್ನಡದಲ್ಲಿತ್ತು, ಅದನ್ನು ಸೋಲಿಗರ ನುಡಿಯಲ್ಲಿ ಹೇಳಿದರು.

ಆಮೇಲೆ ಸಾಕ್ಷಿ. ಕಾಡಿನೊಳಗೆ ಇದ್ದವರ ಹತ್ತಿರ ಯಾವ ಪಟ್ಟಾ ಇರುತ್ತದೆ? ಆದರೆ ಅದೇ ನಿಯಮಗಳ 13ನೇ ನಿಯಮದಲ್ಲಿ ಏನಿದೆ ಅಂದರೆ, ಪೂಜೆಯ ಜಾಗ, ಸಮಾಧಿ, ಹಳೆ ಮನೆಯ ಗುರುತು, ಬಾವಿ ಇವೂ ಸಾಕ್ಷಿ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಸೋಲಿಗರಿಗೆ ಕಾಡೆಲ್ಲ ಕುಲಗಳ ಎಲ್ಲೆಗಳಾಗಿ ಹಂಚಿಕೆ ಆಗಿದೆ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಜಾಗಗಳಿವೆ. ಹಿರಿಯರು ಮುಂದೆ ನಡೆದರು, ಹುಡುಗರು ಜಿಪಿಎಸ್ ಹಿಡಿದು ಹಿಂದೆ ನಡೆದರು. ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರು ನಕ್ಷೆ ಮಾಡಲು ಜೊತೆಗಿದ್ದರು. ಅಜ್ಜಂದಿರ ನೆನಪಿನಲ್ಲಿದ್ದ ನೂರಾರು ಜಾಗಗಳು ಹೀಗೆ ನಕ್ಷೆಗೆ ಬಂದವು, ಕಡತಕ್ಕೆ ಬಂದವು.

2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಮಾಡಿದರು. ಇನ್ನು ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಡಿನ ಉತ್ಪನ್ನ ತರುವ ಹಕ್ಕು ಮಾತ್ರ ಅಲ್ಲ, ಕಾಡನ್ನು ಕಾಯುವ ಹಕ್ಕೂ ಅದರಲ್ಲಿದೆ.

ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ಹಕ್ಕುಪತ್ರ ಕೈಯಲ್ಲಿದ್ದರೂ ಗೇಟಿನ ಹತ್ತಿರ ವಾದ ಮಾಡಬೇಕಾಗುತ್ತದೆ. ಆದರೆ ಈಗ ಪೋಡಿನ ಹುಡುಗ ಗೇಟಿನಲ್ಲಿ ನಿಂತು ಹಕ್ಕುಪತ್ರದ ನಕಲು ತೋರಿಸಿ, ಯಾವ ಕಲಮಿನ ಕೆಳಗೆ ತಡೆಯುತ್ತೀರಿ, ಬರೆದು ಕೊಡಿ ಅನ್ನುತ್ತಾನೆ. ಅವನ ಅಪ್ಪ ಅದೇ ಗೇಟಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು.

ಮಲೆನಾಡ_ಮಳೆ

ಕಾಡಂಚು ಅವರೇ, ಓದಿ ಖುಷಿ ಆಯಿತು, ಹೊಟ್ಟೆ ಉರಿಯಿತು ಕೂಡ. ನಮ್ಮ ಕಡೆ, ಅಂದರೆ ಶಿವಮೊಗ್ಗ, ಉತ್ತರ ಕನ್ನಡದಲ್ಲಿ, ಇದೇ ಕಾಯ್ದೆಯ ಅರ್ಜಿಗಳು ರಾಶಿ ರಾಶಿ ವಜಾ ಆಗಿವೆ. ನಾವು ಪರಿಶಿಷ್ಟ ಪಂಗಡದವರಲ್ಲ, ಇತರೆ ಪಾರಂಪರಿಕ ಅರಣ್ಯವಾಸಿಗಳು. 75 ವರ್ಷದ ದಾಖಲೆ ತನ್ನಿ ಅಂತ ಹೇಳಿ ಹಿಂಬರಹ ಕೊಟ್ಟರು. ನಮ್ಮ ಅಜ್ಜನ ಕಾಲದಲ್ಲಿ ಯಾರು ದಾಖಲೆ ಇಟ್ಟಿದ್ದರು? ಜನಕ್ಕೆ ಬಗರ್‌ಹುಕುಂ ಯಾವುದು, ಅರಣ್ಯ ಹಕ್ಕು ಯಾವುದು ಅನ್ನುವುದೇ ಗೊಂದಲ. ಬಗರ್‌ಹುಕುಂನ ಫಾರಂ 57 ಹಾಕಿದ್ದೇವೆ, ಅದೇ ಸಾಕು ಅಂತ ಕೂತವರು ಎಷ್ಟೋ ಜನ.

ತಾಲ್ಲೂಕು_ವಕೀಲೆ

ಮಲೆನಾಡ ಮಳೆ ಅವರ ಪ್ರಶ್ನೆಗೆ ನಿಧಾನವಾಗಿ ಉತ್ತರ ಬರೆಯುತ್ತೇನೆ, ಇದು ಬಹಳ ಜನಕ್ಕೆ ಬೇಕು.

ಎರಡೂ ಬೇರೆ ಬೇರೆ. ಬಗರ್‌ಹುಕುಂ ಅನ್ನುವುದು ಭೂಕಂದಾಯ ಕಾಯ್ದೆಯ ಕೆಳಗೆ ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡುವುದು, ಅದು ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ. ಜಮೀನು ಅರಣ್ಯ ಅಂತ ದಾಖಲೆಯಲ್ಲಿದ್ದರೆ ಅಲ್ಲಿ ಆ ಅರ್ಜಿ ನಿಲ್ಲುವುದಿಲ್ಲ. ಅರಣ್ಯ ಹಕ್ಕಿನ ಅರ್ಜಿ ಗ್ರಾಮಸಭೆಗೆ ಹೋಗಬೇಕು, ಅಲ್ಲಿಂದ ಉಪವಿಭಾಗ ಸಮಿತಿ, ಅಲ್ಲಿಂದ ಜಿಲ್ಲಾ ಸಮಿತಿ.

75 ವರ್ಷದ ವಿಷಯ. ಕಾಯ್ದೆ ಹೇಳುವುದು ಮೂರು ತಲೆಮಾರು ಅರಣ್ಯದಲ್ಲಿ ವಾಸ ಮಾಡಿಕೊಂಡು ಅದನ್ನು ನಂಬಿ ಬದುಕಿರಬೇಕು ಅಂತ. ಈಗ ಕೇಳುತ್ತಿರುವ ಅದೇ ಎರಡು ಎಕರೆ ತುಂಡನ್ನು 75 ವರ್ಷ ಉತ್ತಿರಬೇಕು ಅಂತ ಅದರಲ್ಲಿ ಇಲ್ಲ. ಆ ತುಂಡಿನ ಸ್ವಾಧೀನಕ್ಕೆ ದಿನಾಂಕ ಬೇರೆ, 2005ರ ಡಿಸೆಂಬರ್ 13. ಈ ಎರಡನ್ನು ಒಂದೇ ಮಾಡಿ ವಜಾ ಮಾಡಿದ ಕಡತಗಳನ್ನು ನಾನು ನೋಡಿದ್ದೇನೆ.

ಅರಣ್ಯ ಹಕ್ಕು ನಿಯಮಗಳಿಗೆ 2012ರ ತಿದ್ದುಪಡಿಯಲ್ಲಿ 12ಎ ಅಂತ ಒಂದು ನಿಯಮ ಸೇರಿತು. ಅದನ್ನು ದಯವಿಟ್ಟು ಎಲ್ಲರೂ ಓದಿ. ಉಪವಿಭಾಗ ಸಮಿತಿಗೆ ಅರ್ಜಿ ಒಪ್ಪಿಗೆ ಆಗದಿದ್ದರೆ ಅದು ಕಾರಣ ಬರೆದು ಗ್ರಾಮಸಭೆಗೆ ವಾಪಸ್ ಕಳಿಸಬೇಕು, ತಾನೇ ವಜಾ ಮಾಡಿ ಕೈತೊಳೆದುಕೊಳ್ಳುವ ಹಾಗಿಲ್ಲ. ತೀರ್ಮಾನವನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕು, ಆಗ ಮಾತ್ರ ಅವರು ಮೇಲ್ಮನವಿ ಹಾಕಲು ಆಗುತ್ತದೆ. ಗ್ರಾಮಸಭೆ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ 60 ದಿನದೊಳಗೆ ಹೋಗಬಹುದು. ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ ಅನ್ನುವುದೊಂದೇ ಕಾರಣಕ್ಕೆ ಬೇರೆ ಸಾಕ್ಷಿಗಳನ್ನು ಪಕ್ಕಕ್ಕಿಡುವ ಹಾಗಿಲ್ಲ, ಚಿತ್ರ ಪೂರಕ ಮಾತ್ರ.

2019ರ ಫೆಬ್ರವರಿ 13ರಂದು ವಜಾ ಆದವರನ್ನು ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ ಆದೇಶ ಬಂದಾಗ ಎಲ್ಲರೂ ಗಾಬರಿ ಬಿದ್ದರು. ಅದೇ ತಿಂಗಳು 28ಕ್ಕೆ ಕೋರ್ಟೇ ಅದನ್ನು ತಡೆಹಿಡಿಯಿತು. ಅರ್ಜಿಗಳನ್ನು ಸರಿಯಾದ ಕ್ರಮದಲ್ಲಿ ನೋಡಿದ್ದಾರಾ ಅನ್ನುವ ಪ್ರಶ್ನೆ ಆಗ ಮುಂದೆ ಬಂತು. ಹಾಗಾಗಿ ಕ್ರಮ ತಪ್ಪಿದೆ ಅಂತ ತೋರಿಸುವ ಕಾಗದ ನಿಮ್ಮ ಹತ್ತಿರ ಇರಬೇಕು. ಹಿಂಬರಹವನ್ನು ಸಿಟ್ಟಿನಲ್ಲಿ ಹರಿಯಬೇಡಿ. ನಿಮ್ಮ ಕೇಸು ಶುರುವಾಗುವುದೇ ಆ ಹಾಳೆಯಿಂದ.

ಎರೆಮಣ್ಣು

ಮೇಡಂ, ಈ ಉತ್ತರವನ್ನು ಪ್ರಿಂಟ್ ತೆಗೆದು ಹಂಚಬಹುದಾ?

ತಾಲ್ಲೂಕು_ವಕೀಲೆ

ಖಂಡಿತ. ಹೆಸರು ಹಾಕುವುದು ಬೇಡ.

ಕೇರಿಯ_ಹುಡುಗ

ನಾನೂ ಒಂದು ಸೇರಿಸುತ್ತೇನೆ. ನಮ್ಮ ಕೇರಿಯ ಅಜ್ಜಂದಿರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಎಷ್ಟೋ ಕಡೆ ಸಾಲಕ್ಕೆ, ಮದುವೆಗೆ ಅಂತ ಬೇರೆಯವರ ಕೈ ಸೇರಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈತಪ್ಪದಂತೆ ಕಾಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಮಾರುವ ಹಾಗಿಲ್ಲ, ಮಾರಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ವಾಪಸ್ ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಬಹಳ ತಡವಾಗಿ ಬಂದ ಅರ್ಜಿ ನಡೆಯುವುದಿಲ್ಲ ಅಂದಿತು. ಆಮೇಲೆ ನಮ್ಮ ಜನ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಕೋರ್ಟುಗಳಲ್ಲಿ ತಡದ ಪ್ರಶ್ನೆ ಇನ್ನೂ ಏಳುತ್ತಲೇ ಇದೆ. ಆದರೆ ನಾನು ಹೇಳಬೇಕಾದದ್ದು, ಕಾನೂನು ಗೊತ್ತಿದ್ದ ಸಮುದಾಯ ಅದು ಸಾಲದು ಅಂತ ಕಂಡಾಗ ಕಾನೂನನ್ನೇ ಬದಲಿಸಲು ಹೋಯಿತು. ಗೊತ್ತಿಲ್ಲದವರು ಯಾವುದನ್ನು ಬದಲಿಸಿ ಅಂತ ಕೇಳುತ್ತಾರೆ?

ಅಕ್ಕನ_ಬಳಗ

ಎಲ್ಲರೂ ಕಚೇರಿ, ಕಾಡು, ಪಂಚಾಯಿತಿ ಅಂತ ಹೇಳುತ್ತಿದ್ದೀರಿ. ಮನೆಯೊಳಗಿನ ಕಾನೂನಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಬೇಕು ಅಂತ ಅಣ್ಣ ತಮ್ಮಂದಿರು ಬರುತ್ತಾರೆ. "ಅಕ್ಕಾ, ಸುಮ್ನೆ ಒಂದು ಸಹಿ" ಅನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂರಿಸಿ, ಬೆರಳು ಗುರುತು ತಗೊಂಡು, ಫೋಟೋ ತೆಗೆಸಿ, ಹೋಟೆಲಲ್ಲಿ ದೋಸೆ ಕೊಡಿಸಿ ಬಸ್ ಹತ್ತಿಸುತ್ತಾರೆ. ಆ ಕಾಗದ ಹಕ್ಕು ಬಿಡುಗಡೆ ಪತ್ರ ಅಂತ ಎಷ್ಟೋ ಹೆಣ್ಣುಮಕ್ಕಳಿಗೆ ವರ್ಷಗಳ ನಂತರ ಗೊತ್ತಾಗುತ್ತದೆ. ನಮ್ಮ ಸಂಘದಲ್ಲಿ ಈಗ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಯಾವ ಕಾಗದಕ್ಕೆ ಸಹಿ ಕೇಳಿದರೂ ಅದು ಮೊದಲು ಸಂಘದ ಸಭೆಗೆ ಬರಬೇಕು, ಓದಲು ಬರುವವರು ಪೂರ್ತಿ ಓದಿ ಹೇಳಬೇಕು. ಬಿಟ್ಟುಕೊಡಬೇಡಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ತವರಿನ ಸಂಬಂಧ ಮುಖ್ಯ ಅಂತ ತಿಳಿದೂ ತಿಳಿದೂ ಬಿಟ್ಟುಕೊಟ್ಟವರಿದ್ದಾರೆ, ಅದು ಅವರ ಇಷ್ಟ. ಆದರೆ ತಿಳಿದು ಬಿಡಬೇಕು.

ನಮ್ಮ ಸಂಘದ ಒಬ್ಬ ತಂಗಿ ಆ ಪತ್ರವನ್ನು ಸಭೆಯಲ್ಲಿ ಓದಿಸಿದಳು. ಅದರಲ್ಲಿ "ನನ್ನ ಪಾಲಿನ ಹಣ ಪೂರ್ತಿ ಸಂದಾಯ ಆಗಿದೆ" ಅಂತ ಬರೆದಿತ್ತು. ಅವಳ ಕೈಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಅವಳು ತಮ್ಮನಿಗೆ ಫೋನ್ ಮಾಡಿ, "ನಾನು ಹಣ ಕೇಳುತ್ತಿಲ್ಲ ಕಣೋ, ಸುಳ್ಳು ಬರೆದದ್ದಕ್ಕೆ ಸಹಿ ಹಾಕಲ್ಲ" ಅಂದಳು. ಆಮೇಲೆ ಕೂತು ಮಾತಾಡಿ ಅರ್ಧ ಎಕರೆ ಅವಳ ಹೆಸರಿಗೆ ಮಾಡಿದರು. ಜಗಳ ಆಗಲಿಲ್ಲ.

ವಕೀಲೆ ಮೇಡಂ, ಇದರ ಕಾನೂನು ಸ್ವಲ್ಪ ಹೇಳಿ.

ತಾಲ್ಲೂಕು_ವಕೀಲೆ

ಅಕ್ಕಾ, ನಿಮ್ಮ ಕಟ್ಟುಪಾಡು ಬಹಳ ಒಳ್ಳೆಯದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದದ್ದು 2005ರ ಸೆಪ್ಟೆಂಬರ್ 9ರಿಂದ. ಕರ್ನಾಟಕ ಅದಕ್ಕೂ ಮೊದಲೇ 1994ರಲ್ಲಿ ಮಾಡಿತ್ತು, ಆದರೆ ಆಗ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕಾನೂನಿನಲ್ಲಿ ಆ ಭೇದ ಇಲ್ಲ. 2005ರಲ್ಲಿ ಅಪ್ಪ ಬದುಕಿರಬೇಕಿತ್ತಾ ಅನ್ನುವ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಅಂತ ವಿನೀತಾ ಶರ್ಮಾ ಕೇಸಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನು ಪ್ರಕಾರ ಪಾಲು ಆಗಿ ಹೋಗಿದ್ದರೆ ಅದನ್ನು ಈಗ ಮತ್ತೆ ತೆಗೆಯಲು ಬರುವುದಿಲ್ಲ.

ಇನ್ನೊಂದು. ವಕೀಲರಿಗೆ ದುಡ್ಡಿಲ್ಲ ಅಂತ ಹೆಣ್ಣುಮಕ್ಕಳು ಹಿಂದೆ ಸರಿಯುತ್ತಾರೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಮಕ್ಕಳಿಗೆ ಉಚಿತ ವಕೀಲರನ್ನು ಕೊಡಬೇಕು. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ.

ದೂರದೂರು (ಮಸ್ಕತ್)

ಊರಿಂದ ದೂರ ಇದ್ದೇನೆ, ಓದುತ್ತಾ ಇದ್ದೆ. ನನ್ನದು ಚಿಕ್ಕ ವಿಷಯ. ಊರಲ್ಲಿ ಅಮ್ಮ ಜಾತಿ ಆದಾಯ ಪತ್ರಕ್ಕೆ ಅರ್ಜಿ ಕೊಟ್ಟು ಬರುತ್ತಾರೆ, ಕೈಯಲ್ಲಿ ಏನೂ ಇರುವುದಿಲ್ಲ. "ನಾಳೆ ಬನ್ನಿ" ಅಂತ ಕಳಿಸುತ್ತಾರೆ. ನಾನು ಇಲ್ಲಿಂದ ಏನು ಮಾಡಬಹುದು?

ಎರೆಮಣ್ಣು

@ದೂರದೂರು ಸಕಾಲ ನಂಬರ್ ಕೇಳಲು ಹೇಳಿ ಅಮ್ಮನಿಗೆ. ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆ 2011ರದ್ದು, ರಾಜ್ಯದ ತುಂಬ ಶುರುವಾದದ್ದು 2012ರ ಏಪ್ರಿಲ್‌ನಲ್ಲಿ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಅದು ಸಿಕ್ಕರೆ ನೀವು ಮಸ್ಕತ್‌ನಲ್ಲೇ ಕೂತು ಅರ್ಜಿ ಎಲ್ಲಿದೆ ಅಂತ ನೋಡಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದನ್ನು ತಡ ಮಾಡಿದವರಿಂದ ವಸೂಲು ಮಾಡುತ್ತಾರೆ. ಹಣ ಸಣ್ಣದು. ಆದರೆ ತಡ ದಾಖಲಾಗುತ್ತದಲ್ಲ, ಅದಕ್ಕೆ ಹೆದರುತ್ತಾರೆ. ನಂಬರ್ ಕೊಡದೆ ಕಾಗದ ಇಟ್ಟುಕೊಂಡರೆ ಅರ್ಜಿ ಕೊಟ್ಟೇ ಇಲ್ಲ ಅಂದಂತೆ.

ದೂರದೂರು (ಮಸ್ಕತ್)

ತುಂಬಾ ಉಪಕಾರ ಸರ್. ಇವತ್ತೇ ಹೇಳುತ್ತೇನೆ. ನಮ್ಮ ಬೀದಿಯವರ ಗುಂಪಿನಲ್ಲೂ ಹಾಕುತ್ತೇನೆ, ಅಲ್ಲಿ ಎಲ್ಲರದ್ದೂ ಇದೇ ಗೋಳು.

ಹುಣಸೆಮರ

ಎರಡು ದಿನ ಯೋಚನೆ ಮಾಡಿ ಮತ್ತೆ ಬಂದಿದ್ದೇನೆ. ನಮ್ಮಲ್ಲಿ ಗ್ರಾಮಸಭೆ ಆಗಿಹೋಗಿದೆ, ಮುಂದಿನದು ದೂರ ಇದೆ. ಆದರೆ ಜಮಾಬಂದಿ ಹತ್ತಿರ ಬರುತ್ತಿದೆ. ಆ ರಸ್ತೆ ವಿಷಯವನ್ನು ಅಲ್ಲಿ ಕೇಳಬಹುದಾ? ಅರ್ಜಿ ವಾಪಸ್ ತೆಗೆದ ಆ ಮನೆಯವರೂ ಸೇರಿ ಒಂದು ಹನ್ನೆರಡು ಜನ ಬರುತ್ತೇವೆ ಅಂದಿದ್ದಾರೆ. ಹೆಂಗಸರೂ ಇದ್ದಾರೆ.

ತಾಲ್ಲೂಕು_ವಕೀಲೆ

ಖಂಡಿತ ಕೇಳಬಹುದು, ಜಮಾಬಂದಿ ಇರುವುದೇ ಅದಕ್ಕೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲವನ್ನೂ ಜನರ ಎದುರಿಗೆ ಇಡಬೇಕು. ಮೊದಲೇ ಹೋಗಿ ದಿನಾಂಕ, ಜಾಗ ಕೇಳಿಕೊಂಡು ಬನ್ನಿ, ಡಂಗುರ ಹೊಡೆಸಿದ್ದಾರಾ ನೋಡಿ. ಕಾಮಗಾರಿ ಬೇರೆ ಇಲಾಖೆಯದ್ದಾದರೆ ಇಲ್ಲಿ ಸಿಗುವುದಿಲ್ಲ, ಅದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಹುಣಸೆಮರ

ಪಂಚಾಯಿತಿಯದ್ದೇ. ಬೋರ್ಡಿನ ಮೇಲೆ ಬರೆದಿದೆ, ಆದರೆ ಮೊತ್ತದ ಜಾಗಕ್ಕೆ ಬಣ್ಣ ಬಳಿದಿದ್ದಾರೆ.

ಎರೆಮಣ್ಣು

ಆ ಬೋರ್ಡಿನ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ ಅಣ್ಣ. ಜಮಾಬಂದಿ ದಿನ ಕಾಮಗಾರಿ ಕಡತ, ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇವನ್ನು ಮೇಜಿನ ಮೇಲೆ ಇಡಿ ಅಂತ ಕೇಳಿ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೆದಿರುತ್ತಾರೆ. ಅದನ್ನು ಗಟ್ಟಿಯಾಗಿ ಓದಿಸಿ, ಇಬ್ಬರು ಬರೆದುಕೊಳ್ಳಲಿ. ಆಮೇಲೆ ಬಂದ ಅಧಿಕಾರಿಯನ್ನೂ ಕರೆದುಕೊಂಡು ರಸ್ತೆಗೆ ಹೋಗಿ, ಎಲ್ಲರ ಎದುರಿಗೆ ಅಳೆಯಿರಿ. ನೀವು ಕೇಳಿದ ಪ್ರಶ್ನೆಯನ್ನೂ, ಅವರು ಕೊಟ್ಟ ಉತ್ತರವನ್ನೂ ನಡಾವಳಿಯಲ್ಲಿ ಬರೆಸದೆ ಸಹಿ ಮಾಡಬೇಡಿ.

ಮಲೆನಾಡ_ಮಳೆ

ದಪ್ಪ ಅಳೆಯಲು ಅಗೆಯಲು ಬಿಡುವುದಿಲ್ಲ ಅಂದರೆ?

ತಾಲ್ಲೂಕು_ವಕೀಲೆ

ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮು ನೋಡಿ. ಕಾಮಗಾರಿ ಪರಿಶೀಲನೆ ಮಾಡುವುದೂ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವುದೂ ಮಾಹಿತಿ ಹಕ್ಕಿನೊಳಗೇ ಬರುತ್ತದೆ. ನೀವೇ ಹಾರೆ ಹಿಡಿದು ಅಗೆಯಬೇಡಿ, ಅರ್ಜಿಯಲ್ಲಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ ಇರಬೇಕು, ಹಾಗಾಗಿ ಕಥೆ ಬರೆಯಬೇಡಿ. ಶುಲ್ಕ 10 ರೂಪಾಯಿ. ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ, ಮತ್ತೂ ಬರದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಹನ್ನೆರಡು ಜನರೂ ಹಾಕಿ.

ಹುಣಸೆಮರ

ಆಯ್ತು ಮೇಡಂ. ನಾಳೆ ಸಂಜೆ ದೇವಸ್ಥಾನದ ಕಟ್ಟೆ ಹತ್ತಿರ ಎಲ್ಲರೂ ಸೇರುತ್ತೇವೆ, ಇದನ್ನು ಓದಿ ಹೇಳುತ್ತೇನೆ. 150 ಪದದ ಅರ್ಜಿ ಬರೆದು ಇಲ್ಲಿ ಹಾಕಿದರೆ ಒಮ್ಮೆ ನೋಡಿ ತಿದ್ದಿ ಕೊಡುತ್ತೀರಾ?

ತಾಲ್ಲೂಕು_ವಕೀಲೆ

ಹಾಕಿ. ಕಾಮಗಾರಿಯ ಹೆಸರು, ವರ್ಷ ಬೋರ್ಡಿನಲ್ಲಿ ಇರುವ ಹಾಗೆಯೇ ಬರೆಯಿರಿ, ಒಂದು ಅಕ್ಷರವೂ ಬದಲಾಗಬಾರದು. ಇಲ್ಲದಿದ್ದರೆ ಅಂಥ ಕಾಮಗಾರಿಯೇ ಇಲ್ಲ ಅಂತ ಉತ್ತರ ಬರುತ್ತದೆ.